ಸೈಕಲ್ ಪ್ರವಾಸಕ್ಕೆ ಎಲ್ಲರೂ ಬರಬೇಕು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಕೋಶ ಓದಲು ನಮ್ಮ ಶಾಲೆಯಲ್ಲಿ ಪುಸ್ತಕದ ಬೀರು ಇದೆ. ದೇಶ ಸುತ್ತಲು ನಮ್ಮ ಹತ್ತಿರ ಇರುವುದು ಸೈಕಲ್ ಒಂದೇ.

ಮುಂದಿನ ತಿಂಗಳು ಸೈಕಲ್ ಮೇಲೆ ಸಂಡೂರಿಗೆ ಹೋಗುವ ಮಾತು ನಡೆದಿದೆ. ಮೊದಲ ದಿನ ಕಂಪ್ಲಿಯಿಂದ ಹೊಸಪೇಟೆ, ಸುಮಾರು 30 ಕಿ.ಮೀ. ರಾತ್ರಿ ಅಲ್ಲೇ ತಂಗುವುದು. ಮರುದಿನ ಸಂಡೂರು, ಅದೂ ಹೆಚ್ಚು ಕಡಿಮೆ ಅಷ್ಟೇ ದೂರ. ಬರುವಾಗ ಸೈಕಲ್‌ಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುವುದು. ಇದನ್ನು ಕೇಳಿದ ಕೂಡಲೇ ನಮ್ಮ ತರಗತಿಯಲ್ಲಿ ಕೆಲವರು, "ಸಂಡೂರು ಅಂದ್ರೆ ಬರೀ ಗುಡ್ಡ. ಗೇರ್ ಸೈಕಲ್ ಇದ್ದೋರು ಮಾತ್ರ ಬರ್ಲಿ. ಹಳೇ ಸೈಕಲ್ಲಿನೋರು, ಹುಡುಗೀರು ಬ್ಯಾಡ" ಎನ್ನಲು ಶುರು ಮಾಡಿದ್ದಾರೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ. ಯಾಕೆಂದರೆ ಹಂಪಿಗೆ ಹೋದಾಗ ಇಂಥದೇ ತಪ್ಪು ಮಾಡಿದವನು ನಾನು.

ಕಳೆದ ಡಿಸೆಂಬರ್‌ನಲ್ಲಿ ನಾವು 18 ಮಂದಿ ಮತ್ತು ಇಬ್ಬರು ಗುರುಗಳು ಹಂಪಿಗೆ ಹೋದದ್ದು ನಿಮಗೆಲ್ಲ ಗೊತ್ತೇ ಇದೆ. ಹೋಗಿ ಬರುವುದು ಸೇರಿ 40 ಕಿ.ಮೀ.ಗಿಂತ ಹೆಚ್ಚು. ಹೊರಡುವಾಗ ಪಿ.ಟಿ. ಸರ್ ಇಬ್ಬಿಬ್ಬರನ್ನು ಜೋಡಿ ಮಾಡಿ, "ಜೋಡಿ ಬಿಟ್ಟು ಯಾರೂ ಮುಂದೆ ಹೋಗಬಾರದು" ಎಂದು ಹೇಳಿದ್ದರು. ನನ್ನ ಜೋಡಿ ನನ್ನ ಬೆಂಚಿನ ಗೆಳೆಯ. ಅವನು ತಂದಿದ್ದು ಅವರಪ್ಪ ದಿನಾ ಹುಲ್ಲು ಹೇರುವ ದೊಡ್ಡ ಸೈಕಲ್. ಸೀಟಿನ ಮೇಲೆ ಕುಂತರೆ ಅವನ ಕಾಲು ಪೆಡಲಿಗೆ ಪೂರ್ತಿ ಮುಟ್ಟುವುದಿಲ್ಲ. ನನ್ನದು ನಮ್ಮಕ್ಕನ ಸೈಕಲ್, ಹಗುರ.

ಬೆಳಿಗ್ಗೆ ಮಂಜು ಬಿದ್ದಿತ್ತು. ಹ್ಯಾಂಡಲ್ ಹಿಡಿದ ಕೈ ತಣ್ಣಗಾಗಿದ್ದವು. ನೆಲ್ಲಿನ ಹುಲ್ಲು ತುಂಬಿದ ಟ್ರ್ಯಾಕ್ಟರ್‌ಗಳು ಎದುರಿಗೆ ಬರುತ್ತಿದ್ದವು. ನಾವು ಸಾಲಾಗಿ ಬೆಲ್ ಹೊಡೆಯುತ್ತ ಹೋದರೆ ರಾಮಸಾಗರದಲ್ಲಿ ಮನೆ ಮುಂದೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು, "ಯಾವೂರು ದಂಡು ಬಂತಪ್ಪೋ ಇದು!" ಎಂದು ನಕ್ಕರು. ಬಸ್ಸಿನಲ್ಲಿ ಹೋಗಿದ್ದರೆ ಈ ಮಾತು ನಮಗೆ ಕೇಳಿಸುತ್ತಿತ್ತೇ? ಬಸ್ಸಿನಲ್ಲಿ ಕಿಟಕಿ ಹತ್ತಿರ ಕುಂತವರಿಗೆ ಮಾತ್ರ ಊರು ಕಾಣುತ್ತದೆ. ಸೈಕಲ್ಲಿನಲ್ಲಿ ಎಲ್ಲರಿಗೂ ಕಾಣುತ್ತದೆ.

ಬುಕ್ಕಸಾಗರ ದಾಟಿದ ಮೇಲೆ ಗೇರ್ ಸೈಕಲ್ಲಿನ ಒಬ್ಬ ಹುಡುಗ "ಬಾರಲೇ, ನೋಡೋಣು" ಎಂದ. ನಾನು ಹಿಂದೆ ತಿರುಗಿ ನೋಡದೆ ಅವನ ಬೆನ್ನು ಹತ್ತಿದೆ. ಸರ್ ಕೂಗಿದ್ದು ಕೇಳಿಸಿತು. ಕೇಳಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಸುಂಯ್ ಅನ್ನುತ್ತಿತ್ತು, ಬಹಳ ಖುಷಿಯಾಗಿತ್ತು. ಎಲ್ಲರಿಗಿಂತ ಮೊದಲು ಮುಟ್ಟಿದವರು ನಾವಿಬ್ಬರೇ.

ಆದರೆ ಹಿಂದೆ ನನ್ನ ಗೆಳೆಯನ ಚೈನ್ ಬಿದ್ದಿತ್ತು. ಒಂದು ಸಲ ಅಲ್ಲ, ಮೂರು ಸಲ. ಜೋಡಿ ಎಂದು ನಾನು ಅಲ್ಲಿ ಇರಬೇಕಾಗಿತ್ತು. ಅವನ ಜೊತೆ ನಿಂತು ಕಡ್ಡಿಯಿಂದ ಚೈನ್ ಏರಿಸಿ ಕೊಟ್ಟವಳು ನಮ್ಮ ತರಗತಿಯ ಹುಡುಗಿ. ಮೂರನೇ ಸಲ ಪಿ.ಟಿ. ಸರ್ ಪಾನಾ ಹಿಡಿದು ಹಿಂದಿನ ಗಾಲಿ ಬಿಗಿ ಮಾಡಿದರು. ಇನ್ನೊಬ್ಬ ಗುರುಗಳು ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ವಿಜಯವಿಠ್ಠಲ ದೇವಾಲಯ ತೋರಿಸಿದರು. ಸೈಕಲ್ ನಿಲ್ಲಿಸಿ ಸುಮಾರು 1 ಕಿ.ಮೀ. ನಡೆಯಬೇಕು. 50 ರೂಪಾಯಿ ನೋಟಿನ ಮೇಲೆ ಇರುವ ಕಲ್ಲಿನ ರಥ ಅಲ್ಲೇ ಇದೆ. ನಾವು ತಿರುಗಿ ಬಂದಾಗ ಅವರು ಮೂವರು ಸೈಕಲ್ ನಿಲ್ಲಿಸುವ ಜಾಗಕ್ಕೆ ಆಗ ತಾನೇ ಬಂದಿದ್ದರು. ಹೊರಡುವ ಹೊತ್ತಾಗಿತ್ತು. ಗೆಳೆಯ ನನಗೆ ಬೈಯಲಿಲ್ಲ. "ರಥ ಹೆಂಗಿತ್ತಲೇ?" ಎಂದು ಕೇಳಿದ. ಅವನ ಕೈಯೆಲ್ಲ ಗ್ರೀಸಿನಿಂದ ಕಪ್ಪಾಗಿತ್ತು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಬರುವಾಗ ಎದುರುಗಾಳಿ. ಪಿ.ಟಿ. ಸರ್ ನನ್ನನ್ನು ಕರೆದು, "ನಿನಗೆ ಶಕ್ತಿ ಜಾಸ್ತಿ ಐತಲ್ಲ, ಅವನ ಮುಂದೆ ಹೋಗು. ಆದರೆ ಅವನ ವೇಗಕ್ಕೆ ಹೋಗು" ಎಂದರು. ಅದರ ಕಾರಣವನ್ನೂ ವಿವರಿಸಿದರು. ಮುಂದಿನವನು ಗಾಳಿಯನ್ನು ಸೀಳಿಕೊಂಡು ಹೋಗುತ್ತಾನೆ, ಅವನ ಬೆನ್ನ ಹಿಂದೆ ಇರುವವನಿಗೆ ಗಾಳಿ ಕಡಿಮೆ ಬಡಿಯುತ್ತದೆ. 1903ರಲ್ಲಿ ಶುರುವಾದ ಫ್ರಾನ್ಸ್ ದೇಶದ ದೊಡ್ಡ ಸೈಕಲ್ ಸ್ಪರ್ಧೆಯಲ್ಲಿ ಕೂಡ ಒಂದೇ ತಂಡದವರು ಹೀಗೆ ಸರದಿಯಂತೆ ಮುಂದೆ ನಿಂತು ತಮ್ಮವರನ್ನು ಕಾಯುತ್ತಾರಂತೆ. ಊರು ಮುಟ್ಟುವಾಗ ಕತ್ತಲಾಗುತ್ತಿತ್ತು. 18 ಬೆಲ್ಲುಗಳೂ ಒಟ್ಟಿಗೇ ಬಾರಿಸಿದವು. ಬೆಳಿಗ್ಗೆ ಮೊದಲು ಮುಟ್ಟಿದ್ದಕ್ಕಿಂತ ಸಂಜೆ ಎಲ್ಲರ ಜೊತೆ ಮುಟ್ಟಿದ್ದೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಇನ್ನೊಂದು ವಿಷಯ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ನಮ್ಮಕ್ಕನಿಗೆ 2019ರಲ್ಲಿ ಸಿಕ್ಕಿತು. ಆಗ ತರಗತಿಯಲ್ಲಿ ಎಲ್ಲರಿಗೂ ಒಂದೇ ಥರದ ಸೈಕಲ್ ಇದ್ದದ್ದರಿಂದ ಯಾರದು ಹೆಚ್ಚು ಯಾರದು ಕಡಿಮೆ ಎಂಬ ಮಾತೇ ಇರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. 2020ರಲ್ಲಿ ಕೊರೋನಾ ಬಂದ ಮೇಲೆ ಅದು ನಿಂತುಹೋಯಿತು. ನಾವು ಮನೆಯಲ್ಲಿ ಯಾವುದು ಇದೆಯೋ ಅದನ್ನೇ ತರುತ್ತೇವೆ. ಮನೆಯಲ್ಲಿ ಗೇರ್ ಸೈಕಲ್ ಇಲ್ಲದಿರುವುದು ಹುಡುಗನ ತಪ್ಪೇ? ಇನ್ನು ಹುಡುಗಿಯರ ವಿಷಯ. ಅವತ್ತು ಚೈನ್ ಏರಿಸಿದವರು ಯಾರು ಎಂದು ನೆನಪು ಮಾಡಿಕೊಳ್ಳಿರಿ.

ಸಂಡೂರಿನ ದಾರಿಯಲ್ಲಿ ಅದಿರು ಲಾರಿ ಬರುತ್ತವೆ, ಏರು ಇದೆ ಎಂದು ಮನೆಯವರಿಗೆ ಹೆದರಿಕೆ ಇದೆ. ಅದು ನಿಜವೇ. ಆದ್ದರಿಂದ ನನ್ನ ಕೆಲವು ಸಲಹೆಗಳು:

1. ಒಂದೇ ಸಾಲು, ರಸ್ತೆಯ ಎಡಗಡೆ. ಮಾತಾಡುತ್ತ ಇಬ್ಬಿಬ್ಬರು ಅಕ್ಕಪಕ್ಕ ಹೋಗಬಾರದು.

2. ಮುಂದೆ ಒಬ್ಬ ಗುರುಗಳು, ಕೊನೆಗೆ ಒಬ್ಬ ಗುರುಗಳು ಇರಬೇಕು. ಮುಂದಿನವರನ್ನು ಯಾರೂ ದಾಟಬಾರದು.

3. ಏರು ಬಂದರೆ ಎಲ್ಲರೂ ಇಳಿದು ತಳ್ಳೋಣ. ಇಳಿದು ತಳ್ಳುವುದು ಅವಮಾನ ಅಲ್ಲ.

4. ಪಂಪು, ಪಾನಾ, ಪಂಚರ್ ಸಾಮಾನು ಕೊನೆಯವರ ಹತ್ತಿರ ಇರಲಿ.

5. ಹೊರಡುವ ಹಿಂದಿನ ದಿನ ಎಲ್ಲ ಸೈಕಲ್‌ಗಳ ಚೈನು, ಬ್ರೇಕು ನೋಡಬೇಕು.

ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿವೆ, ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. 2021ರಲ್ಲಿ ಜಿಲ್ಲೆ ಎರಡಾದರೂ ರಸ್ತೆ ಒಂದೇ ಇದೆ. ನಾವು ಒಂದೇ ತರಗತಿಯವರು ಎರಡಾಗುವುದು ಬೇಡ.

ಸಂಡೂರಿಗೆ ಅವನ ಜೋಡಿ ನಾನೇ ಎಂದು ಪಿ.ಟಿ. ಸರ್ ಹತ್ತಿರ ಹೆಸರು ಬರೆಸಿದ್ದೇನೆ. ಗೆಳೆಯ ಇನ್ನೂ ಹೂಂ ಅಂದಿಲ್ಲ. ಈ ಗೋಡೆ ಪತ್ರಿಕೆ ಓದಿ ಹೂಂ ಅನ್ನಲಿ ಎಂದು ಇದನ್ನು ಬರೆದಿದ್ದೇನೆ.

ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ವಿನಂತಿ.

ಇಂತಿ ನಿಮ್ಮ,
ಏಳನೇ ತರಗತಿಯ ವಿದ್ಯಾರ್ಥಿ