ಮರವಾದ ಮೇಲೂ ಬಗ್ಗಬಹುದು



ಕಳೆದ ತಿಂಗಳು ನಮ್ಮ ಕೂಟದ ಸಾಮಾನ್ಯ ಸಭೆಯಲ್ಲಿ ಯುಗಾದಿ ಊಟದ ವಿಷಯ ಬಂತು. ಇಷ್ಟು ವರ್ಷ ಶಾಲೆಯ ಹಾಲಿನ ಒಂದು ಬದಿಗೆ ಜಮಖಾನ ಹಾಸಿ, ಒಂದೇ ಒಂದು ಸಾಲಾದರೂ ನೆಲದ ಮೇಲೆ ಎಲೆ ಹಾಕಿ (ಕಾಗದದ ಎಲೆಯಾದರೂ ಸರಿ) ಬಡಿಸುತ್ತಿದ್ದೆವು. ಈ ಸಲ ಅದನ್ನೂ ಕೈಬಿಟ್ಟು ಎಲ್ಲರಿಗೂ ಮೇಜು ಕುರ್ಚಿಯೇ ಆಗಲಿ ಎಂಬ ಸೂಚನೆ ಬಂದಿದೆ. ಕಾರಣ? "ಈಗ ನೆಲದ ಮೇಲೆ ಕೂರಲು ಯಾರಿಗಾಗುತ್ತದೆ ಸ್ವಾಮಿ?" ಹಿಂದಿನ ಸಾಲಿನಿಂದ ಒಬ್ಬರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ!" ಎಂದರು. ಸಭೆ ನಕ್ಕಿತು. ಇನ್ನೊಬ್ಬರು ನನ್ನ ಕಡೆ ತಿರುಗಿ, "ಡಾಕ್ಟರೇ, ನೀವೇ ಹೇಳಿ, ಮಂಡಿಗೆ ಅದು ಕೆಟ್ಟದ್ದು ತಾನೇ?" ಎಂದು ಕೇಳಿದರು. ನಾನು ಮುಗುಳ್ನಕ್ಕು ಸುಮ್ಮನಾದೆ. ಆ ಮೌನ ನನ್ನ ತಪ್ಪು. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಮುಂದಿನ ಸಭೆಯಲ್ಲಿ ಮತ ಹಾಕುವ ಮುನ್ನ ದಯವಿಟ್ಟು ಓದಿ.

ಮೊದಲು ಆ ಗಾದೆಯ ವಿಚಾರ. ಅದು ನಮಗೆ ಅನ್ವಯಿಸುವುದೇ ಇಲ್ಲ. ನಾವು ಗಿಡವಾಗಿದ್ದಾಗ ಚೆನ್ನಾಗಿಯೇ ಬಗ್ಗಿದವರು! ಗೋಲಿ ಆಡಿದ್ದು, ಬಚ್ಚಲಲ್ಲಿ ಬಟ್ಟೆ ಒಗೆದದ್ದು, ಕಡಲೆಕಾಯಿ ಬಿಡಿಸಿದ್ದು, ಬಸ್ಸಿಗೆ ಕಾದದ್ದು ಎಲ್ಲವೂ ಕುಕ್ಕುರುಗಾಲಿನಲ್ಲಿ. ಎಲೆಯ ಮುಂದೆ ಕೂರುವುದು ಚಕ್ಕಳಮಕ್ಕಳ ಹಾಕಿ, ನಿಜ. ಆದರೆ ನಿಂತವರು ಕೈಯೂರದೆ ನೆಲ ಮುಟ್ಟುವ ಮತ್ತು ನೆಲದಿಂದ ಏಳುವ ಸಲೀಸಾದ ದಾರಿ ಕುಕ್ಕುರುಗಾಲಿನ ಮೂಲಕವೇ ಹೋಗುತ್ತದೆ. ಆ ದಾರಿ ಮುಚ್ಚಿಹೋದವರಿಗೆ ಜಮಖಾನ ಬಾವಿಯಂತೆ ಕಾಣುತ್ತದೆ. ಇಳಿದರೆ ಹತ್ತುವುದು ಹೇಗೆಂಬ ಭಯ.

ಈಗ ನನ್ನ ಮನೆಯ ಕಥೆ. 2017ರಲ್ಲಿ ನನ್ನ ತಾಯಿ ತಿಪಟೂರಿನಿಂದ ಇಲ್ಲಿಗೆ ಬಂದು ಆರು ತಿಂಗಳಿದ್ದರು. ಆಗ ಅವರಿಗೆ 71 ವರ್ಷ. ಬಂದ ಮರುದಿನವೇ ಅಡುಗೆಮನೆಯ ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಹುರುಳಿಕಾಯಿ ಹೆಚ್ಚಲು ಕೂತರು. ಈ ಡಾಕ್ಟರ್ ಮಗ ಗಾಬರಿಯಾದ. "ಅಮ್ಮಾ, ಮಂಡಿ ಸವೆಯುತ್ತೆ, ಮೇಲೆ ಕೂತ್ಕೋ" ಎಂದು ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಈಳಿಗೆಮಣೆ ಗ್ಯಾರೇಜಿಗೆ ಹೋಯಿತು. ಬಚ್ಚಲಿಗೆ ಎತ್ತರದ ಕಮೋಡು ಸೀಟು ಬಂತು, ದೇವರ ಮುಂದೆ ಸ್ಟೂಲು ಬಂತು. ಆರು ತಿಂಗಳು ಆಕೆ ನೆಲ ಮುಟ್ಟಲಿಲ್ಲ. ನಾನು ಮಾತೃಸೇವೆ ಮಾಡಿದೆನೆಂದು ಬೀಗಿದೆ.

ಊರಿಗೆ ಹಿಂತಿರುಗಿ ವಾರವಾದ ಮೇಲೆ ಫೋನ್ ಮಾಡಿದರು. "ರಂಗೋಲಿ ಹಾಕೋಕೆ ಕೂತರೆ ಏಳಕ್ಕೇ ಆಗ್ತಿಲ್ಲ ಕಣೋ. ನಿನ್ನ ಕುರ್ಚಿ ನನ್ನ ಕಾಲು ಕಟ್ಟಿಹಾಕ್ತು." ನಾನು ನಕ್ಕು ಮಾತು ಮರೆಸಿದೆ. 2019ರ ಮಳೆಗಾಲದಲ್ಲಿ ಆಕೆ ಹಿತ್ತಲಲ್ಲಿ ಜಾರಿ ಕೂತರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಆದರೆ ಏಳಲಾಗಲಿಲ್ಲ. ಪಕ್ಕದ ಮನೆಯವರು ಹಾಲು ಕೊಡಲು ಬರುವವರೆಗೆ, ಎರಡು ಗಂಟೆ, ಒದ್ದೆ ಕಲ್ಲಿನ ಮೇಲೆ ಕೂತೇ ಇದ್ದರು. ಪೆಟ್ಟಿನಿಂದಲ್ಲ, ಏಳುವ ದಾರಿ ಮರೆತದ್ದರಿಂದ. ಎಲ್ಲವೂ ನನ್ನ ಕುರ್ಚಿಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ವಯಸ್ಸೂ ತನ್ನ ಕೆಲಸ ಮಾಡಿರುತ್ತದೆ. ಆದರೆ ವಯಸ್ಸಿಗೆ ನಾನು ಸಹಾಯ ಮಾಡಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಾನು ಕೊಟ್ಟ ಆ ಸಲಹೆ ಬಂದದ್ದಾದರೂ ಎಲ್ಲಿಂದ? ಇಲ್ಲಿ ರೆಸಿಡೆನ್ಸಿ ಮಾಡುವಾಗ ಹಿರಿಯರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು: ಮಂಡಿಯನ್ನು ಪೂರ್ತಿ ಮಡಚಿಸಬೇಡಿ. ಇದರ ಒಂದು ಬೇರು ಟೆಕ್ಸಾಸ್‌ನಲ್ಲಿದೆ. 1961ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬವರು, ಭಾರ ಹೊತ್ತು ಪೂರ್ತಿ ಕುಕ್ಕರಿಸುವವರ ಮಂಡಿಯ ಕಟ್ಟುಗಳು ಸಡಿಲವಾಗುತ್ತವೆ ಎಂದು ಬರೆದರು. ಮಾತು ಬೆಂಕಿಯಂತೆ ಹಬ್ಬಿತು. ಮುಂದೆ ಬೇರೆಯವರು ಅಳೆದು ನೋಡಿದಾಗ ಆ ಸಡಿಲತೆ ಕಾಣಲಿಲ್ಲ. ಆದರೆ ಎಚ್ಚರಿಕೆಯ ಮಾತಿಗೆ ಇರುವ ಕಾಲು ತಿದ್ದುಪಡಿಗೆ ಇರುವುದಿಲ್ಲ. ಬಾರ್‌ಬೆಲ್ ಹೊತ್ತ ಕಾಲೇಜು ಹುಡುಗರ ಬಗ್ಗೆ ಹುಟ್ಟಿದ ಅನುಮಾನವನ್ನು ಹುರುಳಿಕಾಯಿ ಹೆಚ್ಚುವ ನನ್ನ ತಾಯಿಯ ಮೇಲೆ ಹೇರಿದವನು ನಾನು.

ಎದುರು ವಾದವನ್ನು ಮುಚ್ಚಿಡುವುದಿಲ್ಲ. 2004ರಲ್ಲಿ ಪ್ರಕಟವಾದ ಬೀಜಿಂಗ್ ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕುರುಗಾಲಿನಲ್ಲಿ ಕೂತಿದ್ದ ಹಿರಿಯರಲ್ಲಿ ಮಂಡಿ ಸವೆತ ಹೆಚ್ಚಾಗಿ ಕಂಡಿತು. ಬಹಳ ಹೊತ್ತು ಹಾಗೇ ಕೂತು ಕಳೆ ಕೀಳುವವರಿಗೆ ಮಂಡಿಯ ಪಕ್ಕದ ನರ ಒತ್ತಿ ಪಾದ ಜೋಲುಬೀಳುವುದೂ ಉಂಟು. ಹಾಗಾದರೆ ಪಾಠವೇನು? ಗಂಟೆಗಟ್ಟಲೆ ಬೇಡ ಎಂಬುದು ಪಾಠ. ಒಂದು ಕ್ಷಣವೂ ಬೇಡ ಎಂಬುದಲ್ಲ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆಂದು ಸಾರಿಗೆ ಉಪ್ಪೇ ಹಾಕದೆ ಉಣ್ಣುತ್ತೇವೆಯೇ?

ಇನ್ನೊಂದು ಭ್ರಮೆಯೂ ನಮ್ಮಲ್ಲಿದೆ: ಕುಕ್ಕುರುಗಾಲು ಭಾರತೀಯರ ರಕ್ತದಲ್ಲಿದೆ, ಇಲ್ಲಿ ಹುಟ್ಟಿದ ಮಕ್ಕಳಿಗೆ ಬರುವುದಿಲ್ಲ ಎಂಬುದು. ಎಂಬಿಬಿಎಸ್ ಮೊದಲ ವರ್ಷ ಅಂಗರಚನಾಶಾಸ್ತ್ರದ ಹಾಲಿನಲ್ಲಿ ನಮ್ಮ ಕೈಗೆ ಕಣಕಾಲಿನ ಮೂಳೆ, ಅಂದರೆ ಟಿಬಿಯಾ, ಕೊಟ್ಟಾಗ ಅದರ ಕೆಳತುದಿಯ ಮುಂಭಾಗದಲ್ಲಿ ಒಂದು ಸಣ್ಣ ನುಣುಪು ಗುರುತನ್ನು ತೋರಿಸುತ್ತಿದ್ದರು. ಅದರ ಹೆಸರು ಸ್ಕ್ವಾಟಿಂಗ್ ಫ್ಯಾಸೆಟ್. ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ವೈದ್ಯರು 1893ರಷ್ಟು ಹಿಂದೆಯೇ ಪಂಜಾಬಿಗಳ ಮೂಳೆಗಳಲ್ಲಿ ಇದನ್ನು ವಿವರಿಸಿ, ಕೂರುವ ಅಭ್ಯಾಸಕ್ಕೂ ಮೂಳೆಯ ರೂಪಕ್ಕೂ ಸಂಬಂಧ ಕಲ್ಪಿಸಿದ್ದರು. ದಿನವೂ ಕುಕ್ಕರಿಸುವವರ ಮೂಳೆಯ ಮೇಲೆ ಅಭ್ಯಾಸ ತನ್ನ ಸಹಿ ಹಾಕುತ್ತದೆ. ನಮ್ಮ ಮಕ್ಕಳೂ ಎರಡು ವರ್ಷಕ್ಕೆ ಹಿಮ್ಮಡಿ ಊರಿ, ಬೆನ್ನು ನೆಟ್ಟಗಿಟ್ಟು, ಆಟಿಕೆಯ ಮುಂದೆ ಸೊಗಸಾಗಿ ಕೂರುತ್ತಾರೆ. ಪಕ್ಕದ ಮನೆಯ ಅಮೆರಿಕನ್ ಮಗುವೂ ಹಾಗೆಯೇ ಕೂರುತ್ತದೆ. ಹುಟ್ಟಿನಿಂದ ಎಲ್ಲರಿಗೂ ಬಂದದ್ದನ್ನು ಕಸಿದುಕೊಳ್ಳುವುದು ಶಾಲೆಯ ಬೆಂಚು, ಕಾರಿನ ಸೀಟು ಮತ್ತು ಸೋಫಾ.

ಹಾಗಾದರೆ ನಿಜವಾಗಿ ಬಿಗಿದಿರುವುದು ಯಾವುದು? ಎಲ್ಲರೂ ಮಂಡಿಯನ್ನು ದೂರುತ್ತಾರೆ. ಕೂರಲು ಹೋದಾಗ ಹಿಂದಕ್ಕೆ ಬೀಳುತ್ತಾರೆ ಅಥವಾ ಹಿಮ್ಮಡಿ ಮೇಲೇಳುತ್ತದೆ; "ನನ್ನ ಮಂಡಿ ಹೋಯಿತು ಡಾಕ್ಟರೇ" ಎನ್ನುತ್ತಾರೆ. ನಾನು ನೋಡಿದ ಬಹುಮಂದಿಯಲ್ಲಿ ಮಂಡಿ ಮಡಚುತ್ತಿತ್ತು, ಬಗ್ಗದೆ ಹಟ ಹಿಡಿದದ್ದು ಪಾದದ ಕೀಲು. ಲೆಕ್ಕ ಸರಳ. ಕುಂಡಿ ಹಿಂದಕ್ಕೆ ಹೋಗುತ್ತಾ ಇಳಿಯುವಾಗ ದೇಹದ ಭಾರ ಪಾದದ ಮೇಲೆಯೇ ನಿಲ್ಲಬೇಕಾದರೆ ಮಂಡಿ ಮುಂದಕ್ಕೆ ಬರಬೇಕು, ಅಂದರೆ ಕಣಕಾಲು ಸುಮಾರು 35ರಿಂದ 40 ಡಿಗ್ರಿ ಮುಂದಕ್ಕೆ ವಾಲಬೇಕು. ಕುರ್ಚಿಯಲ್ಲಿ ಕೂರಲು ಇಷ್ಟು ವಾಲಬೇಕಾಗಿಲ್ಲ. ಹಾಗಾಗಿ ಮೀನಖಂಡವೂ ಹಿಮ್ಮಡಿಯ ಮೇಲಿನ ಹುರಿಯೂ ಬಿಗಿದುಕೊಳ್ಳುತ್ತವೆ. ಪಾದದ ಕೀಲು ಬಗ್ಗದಿದ್ದರೆ ಸೊಂಟ ಬಗ್ಗುತ್ತದೆ. ಜನವರಿಯಲ್ಲಿ ಹಿಮ ಬಾಚುವಾಗ ಎಷ್ಟು ಜನರಿಗೆ ಬೆನ್ನು ಹಿಡಿಯುತ್ತದೆಂದು ನನ್ನ ಕ್ಲಿನಿಕ್ಕಿಗೆ ಗೊತ್ತು.

ನೀವೇ ಪರೀಕ್ಷಿಸಿ. ಬರಿಗಾಲಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಒಂದು ಪಾದದ ಹೆಬ್ಬೆರಳನ್ನು ಗೋಡೆಯಿಂದ 10 ಸೆಂಟಿಮೀಟರ್ (ನಾಲ್ಕು ಇಂಚು) ದೂರದಲ್ಲಿಡಿ. ಹಿಮ್ಮಡಿ ಎತ್ತದೆ ಅದೇ ಕಾಲಿನ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದದ ಕೀಲಿನಲ್ಲಿ ದೊಡ್ಡ ತಕರಾರಿಲ್ಲ. ಸೊಂಟದ ಕೀಲು, ತೊಡೆಯ ಬಲ ಅಥವಾ ಬರೀ ಭಯವನ್ನು ವಿಚಾರಿಸಿಕೊಳ್ಳಿ. ತಾಗದಿದ್ದರೆ ಕಳ್ಳ ಸಿಕ್ಕಿದ. ಕಳೆದ ವರ್ಷ ನನ್ನದು 4 ಸೆಂಟಿಮೀಟರಿಗೇ ನಿಂತುಹೋಗುತ್ತಿತ್ತು!

ಮದ್ದು ಇಷ್ಟೇ. ಅದೇ ಗೋಡೆಯ ಮುಂದೆ ಮಂಡಿಯನ್ನು ನಿಧಾನವಾಗಿ ಮುಂದಕ್ಕೆ ಒತ್ತುವುದು, ಪ್ರತಿ ಕಾಲಿಗೂ ದಿನಕ್ಕೆ ಹದಿನೈದಿಪ್ಪತ್ತು ಸಲ. ಮಲಗಿದಾಗ ಎರಡೂ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು. ಇದು ಸೊಂಟದ ಕೀಲಿಗೆ. ಆಮೇಲೆ ಅಡುಗೆಮನೆಯ ಸಿಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಪಾದಗಳನ್ನು ಭುಜದಷ್ಟು ಅಗಲಿಸಿ, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ, ಆಗುವಷ್ಟು ಮಾತ್ರ ಇಳಿಯುವುದು. ಮಂಡಿ ಬೆರಳಿನ ದಿಕ್ಕಿಗೇ ಹೋಗಲಿ, ಒಳಕ್ಕೆ ಕುಸಿಯದಿರಲಿ. ಹಿಮ್ಮಡಿ ಏಳುತ್ತಿದ್ದರೆ ಅದರ ಕೆಳಗೆ ಮಡಚಿದ ಕಂಬಳಿ ಇಡಿ, ನಾಚಿಕೆ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕಂಬಳಿ, ಹಗ್ಗ, ಮರದ ಇಟ್ಟಿಗೆಗಳ ಆಸರೆಯಿಂದಲೇ ಬಿಗಿದ ದೇಹಗಳಿಗೆ ಆಸನ ಕಲಿಸಿ ಜಗತ್ತಿಗೆಲ್ಲ ಗುರುವಾದರು. ಕಂಬಳಿಯ ಒಂದೊಂದೇ ಮಡಿಕೆ ಬಿಚ್ಚುತ್ತಾ ಬನ್ನಿ. ಅರ್ಧ ನಿಮಿಷ ಕೂತು ಏಳಿ, ದಿನಕ್ಕೆ ನಾಲ್ಕೈದು ಸಲ. ತಿಂಗಳುಗಳು ಬೇಕು, ವಾರಗಳು ಸಾಲವು. ಐದು ತಿಂಗಳಲ್ಲಿ ನನ್ನ 4 ಸೆಂಟಿಮೀಟರು 9 ಆಗಿದೆ. ಹಿಮ್ಮಡಿ ಊರಿ ಎರಡು ನಿಮಿಷ ಕೂರಬಲ್ಲೆ.

ಮೀನಖಂಡ ಎಳೆದರೆ ಹೆದರಬೇಡಿ. ಮಂಡಿಯೊಳಗೆ ಚುಚ್ಚಿದರೆ ಅಥವಾ ಪಾದದ ಮುಂಭಾಗದಲ್ಲಿ ಹಿಸುಕಿದಂತಾದರೆ ನಿಲ್ಲಿಸಿ. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು, ಮಂಡಿ ಊದಿರುವವರು, ಮೂಳೆ ತೀರಾ ಟೊಳ್ಳಾದವರು ನಿಮ್ಮ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಅವರಿಗೆ ಕುರ್ಚಿ ಹಕ್ಕು, ಅವಮಾನವಲ್ಲ.

ಇದರಿಂದ ಲಾಭವೇನು ಎನ್ನುವವರಿಗೆ ಒಂದು ಲೆಕ್ಕ. ಬ್ರೆಜಿಲಿನ ವೈದ್ಯರು 51ರಿಂದ 80 ವರ್ಷದ 2002 ಜನರನ್ನು ನೆಲದ ಮೇಲೆ ಕೂತು ಏಳಲು ಹೇಳಿ 10 ಅಂಕಕ್ಕೆ ಪರೀಕ್ಷೆ ಮಾಡಿದರು. ಕೈ ಅಥವಾ ಮಂಡಿ ಊರಿದ ಪ್ರತಿ ಸಲಕ್ಕೂ ಒಂದು ಅಂಕ ಕಡಿತ. 2012ರಲ್ಲಿ ಫಲಿತಾಂಶ ಬಂತು: ಕಡಿಮೆ ಅಂಕದವರಲ್ಲಿ ಮುಂದಿನ ಕೆಲವು ವರ್ಷಗಳ ಸಾವಿನ ಪ್ರಮಾಣ, ಹೆಚ್ಚು ಅಂಕದವರಿಗಿಂತ ಹಲವು ಪಟ್ಟು. ಕೂತೆದ್ದರೆ ಆಯುಸ್ಸು ಹೆಚ್ಚುತ್ತದೆಂದು ಇದರರ್ಥವಲ್ಲ. ಬಲ, ಸಮತೋಲ, ಬಗ್ಗುವಿಕೆ ಉಳಿದಿವೆಯೇ ಎಂಬುದನ್ನು ಈ ಪರೀಕ್ಷೆ ಒಟ್ಟಿಗೆ ತೋರಿಸುತ್ತದೆ. ತಾಂಜಾನಿಯಾದ ಹಾಡ್ಜಾ ಜನ ದಿನಕ್ಕೆ ಸುಮಾರು ಹತ್ತು ಗಂಟೆ ವಿಶ್ರಾಂತಿಯಲ್ಲೇ ಕಳೆಯುತ್ತಾರೆಂದು 2020ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೂ ಸಾಕಷ್ಟು ಹೊತ್ತು ಕುಕ್ಕುರುಗಾಲಿನಲ್ಲಿ ಅಥವಾ ಮಂಡಿಯೂರಿ ಕೂರುವುದರಿಂದ ಕಾಲಿನ ಸ್ನಾಯು ಪೂರ್ತಿ ನಿದ್ದೆ ಹೋಗುವುದಿಲ್ಲ. ಅವರೂ ನಮ್ಮ ಹಾಗೇ ಕೂರುವವರು, ಆದರೆ ಸೋಫಾದಲ್ಲಲ್ಲ!

ಈಗ ನಮ್ಮ ಮನೆಗಳ ವಿಚಿತ್ರ ನೋಡಿ. ಮಗ ಜಿಮ್ಮಿಗೆ ತಿಂಗಳಿಗಿಷ್ಟು ಡಾಲರ್ ಕಟ್ಟಿ "ಮೊಬಿಲಿಟಿ" ತರಗತಿಯಲ್ಲಿ ಸ್ಕ್ವಾಟ್ ಕಲಿಯುತ್ತಾನೆ. ಅದೇ ಮನೆಯಲ್ಲಿ ಅಜ್ಜಿ ನೆಲಕ್ಕೆ ಕೂತರೆ "ಅಯ್ಯೋ, ಏಳಿ ಏಳಿ" ಎನ್ನುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಚೌತಿಯ ದಿನ ಗಣಪನ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆದರೆ ಬುದ್ಧಿ ಬೆಳೆಯುತ್ತದೆಂದು ನಾನು ಹೇಳಲಾರೆ, ಆದರೆ ತೊಡೆ ಬೆಳೆಯುವುದು ಖಂಡಿತ. ಹಳೆಯದೆಲ್ಲ ಹೊನ್ನೆಂದೂ ವಾದಿಸುತ್ತಿಲ್ಲ. ಸೌದೆ ಒಲೆಯ ಹೊಗೆ ಹೋದದ್ದು ಒಳ್ಳೆಯದು. ಪಂಕ್ತಿಯ ಜೊತೆಗಿದ್ದ ಪಂಕ್ತಿಭೇದ ಹೋದದ್ದು ಇನ್ನೂ ಒಳ್ಳೆಯದು. ಕೆಟ್ಟದ್ದನ್ನು ಬಿಡುವ ಭರದಲ್ಲಿ ಕಾಲನ್ನೂ ಬಿಟ್ಟುಕೊಡಬೇಡಿ ಎನ್ನುತ್ತಿದ್ದೇನೆ ಅಷ್ಟೇ.

ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಮೂರು. ಒಂದು, ಯುಗಾದಿಗೆ ನೆಲದ ಮೇಲಿನ ಒಂದು ಸಾಲು ಉಳಿಯಲಿ, ಬೇಕಾದವರಿಗೆ ಮಣೆ ಅಥವಾ ದಿಂಬು ಕೊಡೋಣ. ಉಳಿದವರಿಗೆ ಮೇಜು ಕುರ್ಚಿ ಇದ್ದೇ ಇರಲಿ. ಎರಡು, ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳು ಹತ್ತು ನಿಮಿಷವಾದರೂ ನೆಲದ ಮೇಲೆ ಕೂತು ಕಲಿಯಲಿ. ಮೂರು, ಕಾರ್ಯಕ್ರಮಕ್ಕೆ ಮುಂಚೆ ಕಾಲು ಗಂಟೆ ಕೊಟ್ಟರೆ ಹಿರಿಯರಿಗೆ ಗೋಡೆಯ ಪರೀಕ್ಷೆಯನ್ನೂ ಸಿಂಕಿನ ಅಭ್ಯಾಸವನ್ನೂ ನಾನೇ ಹೇಳಿಕೊಡುತ್ತೇನೆ. ಫೀಸಿಲ್ಲ!

ನನ್ನ ತಾಯಿಗೆ ಈಗ ಎಂಬತ್ತರ ಹತ್ತಿರ. ಎರಡು ವರ್ಷದಿಂದ ಊರಿನಲ್ಲಿ ಕಿಟಕಿಯ ಸರಳು ಹಿಡಿದು, ಮೊದಲು ಎತ್ತರದ ಸ್ಟೂಲು, ಆಮೇಲೆ ಗಿಡ್ಡ ಸ್ಟೂಲು, ಆಮೇಲೆ ಮಣೆ ಎಂದು ಇಳಿಯುತ್ತಾ ಬಂದಿದ್ದಾರೆ. ಮೊದಲಿನಂತೆ ಆಗಿಲ್ಲ, ಆಗುವುದೂ ಇಲ್ಲವೇನೋ. ಆದರೆ ಮಣೆಯಿಂದ ಯಾರ ಕೈಯೂ ಹಿಡಿಯದೆ ಏಳುತ್ತಾರೆ. ಮೊನ್ನೆ ಫೋನಿನಲ್ಲಿ, "ಆ ಈಳಿಗೆಮಣೆ ಇನ್ನೂ ಇದೆಯೇನೋ?" ಎಂದು ಕೇಳಿದರು. ಗ್ಯಾರೇಜಿನಿಂದ ತಂದು ತೊಳೆದಿಟ್ಟಿದ್ದೇನೆ.

ಯುಗಾದಿಯ ದಿನ ನೆಲದ ಸಾಲಿನ ಮೊದಲ ಎಲೆ ನನಗಿರಲಿ. ಪಕ್ಕದ ಎಲೆಗೆ, ಆ ಗಾದೆ ಹೇಳಿದ ಮಿತ್ರರನ್ನು ಪ್ರೀತಿಯಿಂದ ಕರೆಯುತ್ತಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಕೂಟದ ಒಬ್ಬ ವೈದ್ಯ ಸದಸ್ಯ