ವಾತ್ಸಲ್ಯವೂ ಸ್ಥಿತಿಕರಣವೂ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂದು ಜೈನಾಚಾರ್ಯರು ಹೇಳಿದ್ದಾರೆ. ಅವುಗಳಲ್ಲಿ ಆರನೆಯದು ಸ್ಥಿತಿಕರಣ, ಏಳನೆಯದು ವಾತ್ಸಲ್ಯ. ಹಸು ಕರುವನ್ನು ಪ್ರೀತಿಸುವಂತೆ ಸಹಧರ್ಮಿಗಳನ್ನು ನಿಷ್ಕಪಟವಾಗಿ ಪ್ರೀತಿಸುವುದು ವಾತ್ಸಲ್ಯ. ದಾರಿಯಲ್ಲಿ ಜಾರುತ್ತಿರುವವನನ್ನು ಹಿಡಿದು, ಮರಳಿ ಅವನ ಕಾಲ ಮೇಲೆಯೇ ನಿಲ್ಲಿಸುವುದು ಸ್ಥಿತಿಕರಣ. ಶ್ರಾವಕ ಶ್ರಾವಿಕೆಯರು ಪರಸ್ಪರ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ಹೇಳಿದ ಮಾತುಗಳಿವು. ಆದರೂ ಇವುಗಳ ಮೊದಲ ಪಾಠಶಾಲೆ ಪುಟ್ಟ ಮಗುವಿರುವ ಮನೆಯ ಜಗಲಿಯೇ ಆಗಿದೆ.

ಗೋಣಿಕೊಪ್ಪಲಿನ ಸುತ್ತಲಿನ ಯಾವುದೇ ತೋಟದ ಮನೆಯಲ್ಲಿ ನಿಂತು ನೋಡಬಹುದು. ಒಂದೂವರೆ ವರ್ಷದ ಕೂಸು ಜಗಲಿಯ ಮೆಟ್ಟಿಲಿನಿಂದ ಕಾಫಿ ಕಣಕ್ಕಿಳಿಯಲು ಹವಣಿಸುತ್ತದೆ. ಕೂಸಿನ ಕಾಲು ಕೆಳಗಿಳಿಯುವ ಮೊದಲೇ ತಾಯಿಯ ಕೈ ಮುಂದಕ್ಕೆ ಚಾಚಿರುತ್ತದೆ. ತಂದೆಯಾದರೋ ಎರಡು ಹೆಜ್ಜೆ ದೂರದಲ್ಲಿ ನಿಂತು, ‘ಇಳಿಯಲಿ ಬಿಡು, ಕಲಿಯುತ್ತದೆ’ ಎನ್ನುತ್ತಾನೆ. ತಾಯಿಗೆ ಅದು ಉದಾಸೀನವಾಗಿ ಕಾಣುತ್ತದೆ. ತಂದೆಗೆ ಅವಳ ಚಾಚಿದ ಕೈ ಅತಿಭೀತಿಯಾಗಿ ತೋರುತ್ತದೆ. ಅನೇಕ ಮನೆಗಳಲ್ಲಿ ದಿನದ ಮೊದಲ ಮನಸ್ತಾಪ ಹುಟ್ಟುವುದು ಇಲ್ಲಿಯೇ.

ಕೆನಡಾದ ಮನೋವಿಜ್ಞಾನಿ ಡೇನಿಯಲ್ ಪ್ಯಾಕೆಟ್ ತಂದೆ ಮತ್ತು ಮಗುವಿನ ನಂಟನ್ನು ಅಧ್ಯಯನ ಮಾಡಿ, ತಾಯಿಯ ಸಾಮೀಪ್ಯ ಮಗುವಿಗೆ ನೆಮ್ಮದಿಯನ್ನು ಕೊಡುವಂತೆ, ತಂದೆಯ ಒರಟು ಆಟ ಮತ್ತು ಪ್ರೋತ್ಸಾಹಗಳು ಹೊರ ಜಗತ್ತಿಗೆ ತೆರೆದುಕೊಳ್ಳುವ ಧೈರ್ಯವನ್ನು ಕೊಡುತ್ತವೆ ಎಂದು ವಿವರಿಸಿದ್ದಾರೆ. ಆ ಧೈರ್ಯಕ್ಕೆ ಮಿತಿಯನ್ನು ಹಾಕಿಕೊಡುವುದೂ ತಂದೆಯ ಕೆಲಸವೆಂಬುದನ್ನು ಅವರು ಮರೆತಿಲ್ಲ. ಇದು ಪ್ರಕೃತಿಯ ಕಟ್ಟಳೆಯೇನಲ್ಲ. ಗಂಡನನ್ನು ಕಳೆದುಕೊಂಡ ತಾಯಿ ಎರಡನ್ನೂ ತಾನೇ ಮಾಡುತ್ತಾಳೆ. ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿ ರಾತ್ರಿಯಿಡೀ ಎಚ್ಚರವಿರುವ ಅಜ್ಜಂದಿರೂ ಇದ್ದಾರೆ. ವಾತ್ಸಲ್ಯ ಹೆಣ್ಣಿನ ಅಂಗ, ಸ್ಥಿತಿಕರಣ ಗಂಡಿನ ಅಂಗ ಎಂದು ಯಾವ ಆಚಾರ್ಯರೂ ಹಂಚಿಲ್ಲ. ಸಮ್ಯಗ್ದೃಷ್ಟಿಗೆ ಎರಡೂ ಬೇಕು.

ಆದಿತೀರ್ಥಂಕರರ ಗರ್ಭಾವತರಣದ ಕಥೆಯಲ್ಲಿ ಇದಕ್ಕೊಂದು ಸುಂದರ ನಿದರ್ಶನವಿದೆ. ಮರುದೇವಿ ಹದಿನಾರು ಸ್ವಪ್ನಗಳನ್ನು ಕಾಣುತ್ತಾಳೆ. ಬೆಳಗಾದ ಮೇಲೆ ಅವನ್ನು ನಾಭಿರಾಜನಿಗೆ ತಿಳಿಸುತ್ತಾಳೆ. ಅವನು ಒಂದೊಂದರ ಫಲವನ್ನೂ ವಿವರಿಸುತ್ತಾನೆ. ಕಂಡವಳು ತಾಯಿ, ಅರ್ಥ ಹೇಳಿದವನು ತಂದೆ. ‘ನೀನು ಕಂಡದ್ದು ಭ್ರಮೆ’ ಎಂದು ಅವನು ಹೇಳಲಿಲ್ಲ; ‘ಕಂಡವಳು ನಾನು, ನಿನಗೇನು ಗೊತ್ತು’ ಎಂದು ಅವಳೂ ಹೇಳಲಿಲ್ಲ. ಅನೇಕಾಂತವೆಂಬುದು ದೊಡ್ಡ ವಾದಸಭೆಗಳಿಗೆ ಮಾತ್ರ ಸೇರಿದ್ದಲ್ಲ. ಒಂದೇ ಮಗುವನ್ನು ಎರಡು ನೆಲೆಗಳಿಂದ ನೋಡುತ್ತಿರುವ ಇಬ್ಬರು, ಎದುರಿನ ನೋಟದಲ್ಲಿಯೂ ಸತ್ಯಾಂಶವಿದೆಯೆಂದು ಒಪ್ಪುವುದೇ ಅನೇಕಾಂತ.

ಒಪ್ಪದಿದ್ದಾಗ ಹುಟ್ಟುವ ಏಕಾಂತಕ್ಕೆ ಬೆಲೆ ತೆರುವುದು ಮಗು. ತತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಡುತ್ತದೆ. ದ್ವೇಷವಿಲ್ಲದಿದ್ದರೂ ಎಚ್ಚರವಿಲ್ಲದಿದ್ದರೆ ಅಹಿಂಸೆ ಪೂರ್ಣವಾಗದು. ದಕ್ಷಿಣ ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಹೂ ಅರಳಿಸಲು ನೀರು ಹಾಯಿಸುವ ಕೆಲಸ ಆರಂಭವಾಗುತ್ತದೆ. ಅದಕ್ಕಾಗಿ ತೋಡಿದ ಕೆರೆಗಳು ಮನೆಗೆ ಅನತಿದೂರದಲ್ಲಿಯೇ ಇರುತ್ತವೆ. ಮಳೆಗಾಲದಲ್ಲಿ ಕೀರೆಹೊಳೆ ತುಂಬುತ್ತದೆ. ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸಾಯುವವರಲ್ಲಿ ಸುಮಾರು ಕಾಲು ಭಾಗ 5 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸು ನೀರಿಗೆ ಬಿದ್ದಾಗ ಕೂಗಿ ಕರೆಯುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಹೀಗಾಗುತ್ತದೆಂದು ಭಾವಿಸಬಾರದು. ಇಬ್ಬರೂ ಇದ್ದು, ‘ಅವಳು ನೋಡುತ್ತಿದ್ದಾಳೆ’ ಎಂದು ಅವನೂ ‘ಅವರು ನೋಡುತ್ತಿದ್ದಾರೆ’ ಎಂದು ಅವಳೂ ನಂಬಿರುವ ಗಳಿಗೆಯೂ ಅಷ್ಟೇ ಅಪಾಯಕಾರಿ. ಎರಡು ನೋಟಗಳ ನಡುವಿನ ಆ ಬಿರುಕಿಗೆ ಪ್ರಮಾದವಲ್ಲದೆ ಬೇರೆ ಹೆಸರಿಲ್ಲ.

ಮುನಿಗಳಿಗೆ ವಿಧಿಸಿದ ಪಂಚಸಮಿತಿಗಳಲ್ಲಿ ಈರ್ಯಾಸಮಿತಿ ನಡೆಯುವಾಗಿನ ಎಚ್ಚರವನ್ನು ಹೇಳಿದರೆ, ಆದಾನನಿಕ್ಷೇಪಣ ಸಮಿತಿ ವಸ್ತುಗಳನ್ನು ಎತ್ತುವಾಗ ಇಡುವಾಗ ಇರಬೇಕಾದ ಎಚ್ಚರವನ್ನು ಹೇಳುತ್ತದೆ. ಗೃಹಸ್ಥನು ಅವನ್ನು ಯಥಾಶಕ್ತಿ ಅನುಸರಿಸಬಹುದು. ಸಿಂಪಡಣೆಯ ಔಷಧಿಯ ಡಬ್ಬಿಯನ್ನು ಎಲ್ಲಿಟ್ಟೆ, ಕುದಿಯುವ ನೀರಿನ ಪಾತ್ರೆಯನ್ನು ಎಲ್ಲಿ ಇಳಿಸಿದೆ, ಕಣದಲ್ಲಿ ಜೀಪನ್ನು ಹಿಂದಕ್ಕೆ ತೆಗೆಯುವ ಮುನ್ನ ಇಳಿದು ನೋಡಿದೆನೇ ಎಂದು ಕೇಳಿಕೊಳ್ಳುವ ತಂದೆ ಸಮಿತಿಯ ಸಾರವನ್ನೇ ಪಾಲಿಸುತ್ತಿರುತ್ತಾನೆ. ತಾಯಿಯ ಕಣ್ಣು ಮಗುವನ್ನು ಹಿಂಬಾಲಿಸುತ್ತದೆ; ತಂದೆಯ ಕಣ್ಣು ಮಗು ಹೋಗಲಿರುವ ದಾರಿಯನ್ನು ಮೊದಲೇ ಶುದ್ಧಗೊಳಿಸಲಿ. ಕೆರೆಗೆ ಬೇಲಿ ಹಾಕಿಸಿದವನಿಗೆ ‘ಇಳಿಯಲಿ ಬಿಡು’ ಎನ್ನುವ ಅಧಿಕಾರವಿದೆ. ಬೇಲಿಯಿಲ್ಲದೆ ಹೇಳುವ ಅದೇ ಮಾತು ಧೈರ್ಯವಲ್ಲ, ಅಲಕ್ಷ್ಯ.

ಮಗುವನ್ನು ಕಾಯುವುದು ತಾಯಿಯ ಕೆಲಸ, ತಂದೆಯದು ಬರಿಯ ಸಹಾಯ ಎಂಬ ಭಾವನೆ ಮನೆಗಳಲ್ಲಿ ಮಾತ್ರವಲ್ಲ, ಕಾನೂನಿನಲ್ಲಿಯೂ ಇತ್ತು. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟಗಳಲ್ಲಿ ಶಿಶುವಿಹಾರವನ್ನು ಕಡ್ಡಾಯಗೊಳಿಸಿತು. ಅದು ಕರುಣೆಯ ಕಾನೂನೇ. ಆದರೆ ಲೆಕ್ಕಕ್ಕೆ ಬಂದವರು ಹೆಣ್ಣಾಳುಗಳು ಮಾತ್ರ. ಗಂಡಾಳಿಗೂ ಮಗುವಿದೆಯೆಂಬುದು ಆ ಎಣಿಕೆಯಲ್ಲಿರಲಿಲ್ಲ. ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಶಿಶುಪಾಲನಾ ಕೇಂದ್ರಗಳಿಗೆ ‘ಕೂಸಿನ ಮನೆ’ ಎಂಬ ಹೆಸರಿಟ್ಟಿತು. ಹೆಸರು ಕೂಸನ್ನು ಮುಂದಿಟ್ಟಿದೆ. ಅದೇ ಸರಿಯಾದ ಕ್ರಮ. ಕೂಸಿನ ಕಡೆಯಿಂದ ನೋಡಿದರೆ ಕಾಯುವ ಹೊಣೆ ಅರ್ಧರ್ಧವಾಗಿ ಹಂಚಿಹೋಗುವುದಿಲ್ಲ, ಇಬ್ಬರ ಮೇಲೂ ಪೂರ್ಣವಾಗಿಯೇ ಇರುತ್ತದೆ.

ಇನ್ನೊಂದು ತಾರತಮ್ಯವೂ ಗಮನಿಸತಕ್ಕದ್ದು. ಮಗ ಪೇರಳೆ ಮರ ಹತ್ತಿದರೆ ‘ಭಲೇ’ ಎನ್ನುವ ತಂದೆ, ಮಗಳು ಹತ್ತಿದರೆ ‘ಇಳಿ’ ಎನ್ನುತ್ತಾನೆ. ಸ್ಥಿತಿಕರಣವನ್ನು ಗಂಡುಮಗುವಿಗೆ ಮೀಸಲಿಟ್ಟು ಹೆಣ್ಣುಮಗುವಿಗೆ ಭಯವನ್ನು ಉಳಿಸುವುದು ಜಿನಧರ್ಮದ ರೀತಿಯಲ್ಲ. ವೃಷಭದೇವರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ತಾವೇ ಕಲಿಸಿದರೆಂದು ಪುರಾಣ ಹೇಳುತ್ತದೆ. ಲೋಕದ ಮೊದಲ ಪಾಠಗಳನ್ನು ಒಬ್ಬ ತಂದೆ ತನ್ನ ಹೆಣ್ಣುಮಕ್ಕಳ ಕೈಗಿಟ್ಟನೆಂಬುದನ್ನು ನೆನೆದವರು ಮಗಳನ್ನು ನೆಲಕ್ಕೇ ಕಟ್ಟಿಹಾಕಲಾರರು.

ಕೊಡಗಿನಲ್ಲಿಯೇ, ಶನಿವಾರಸಂತೆಗೆ ಸಮೀಪದ ಮುಳ್ಳೂರಿನಲ್ಲಿ, 11ನೇ ಶತಮಾನದ ಬಸದಿಗಳಿವೆ. ಕೊಂಗಾಳ್ವ ರಾಜಮಾತೆ ಪೋಚಬ್ಬರಸಿ ಬಸದಿ ಕಟ್ಟಿಸಿದ್ದನ್ನೂ, ರಾಜೇಂದ್ರ ಕೊಂಗಾಳ್ವ 1058ರಲ್ಲಿ ತನ್ನ ತಂದೆ ಕಟ್ಟಿಸಿದ ಬಸದಿಗೆ ದತ್ತಿ ನೀಡಿದ್ದನ್ನೂ ಅಲ್ಲಿನ ಶಾಸನಗಳು ಹೇಳುತ್ತವೆ. ಮಗನ ಧರ್ಮಬುದ್ಧಿಗೆ ತಾಯಿಯೂ ತಂದೆಯೂ ತಮ್ಮ ತಮ್ಮ ರೀತಿಯಲ್ಲಿ ನೆಲೆಯನ್ನು ಕಟ್ಟಿಕೊಟ್ಟಿದ್ದರು. ಮಕ್ಕಳು ಕಂಡದ್ದನ್ನೇ ಮುಂದುವರಿಸುತ್ತಾರೆ.

ಆದುದರಿಂದ ಪುಟ್ಟ ಮಕ್ಕಳಿರುವ ಮನೆಗಳು ಒಂದು ಸರಳ ನಿಯಮವನ್ನು ಅಣುವ್ರತದಂತೆ ಕೈಗೊಳ್ಳಬಹುದು. ಮಗುವಿನ ಕಾವಲನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ ‘ಈಗ ನಿಮ್ಮ ಕಣ್ಣಿನಲ್ಲಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ವಹಿಸಿಕೊಂಡವರು ‘ಹೌದು’ ಎನ್ನಬೇಕು. ರಾತ್ರಿ ಪ್ರತಿಕ್ರಮಣದ ಹೊತ್ತಿನಲ್ಲಿ ದಿನದ ಇತರ ದೋಷಗಳೊಡನೆ, ಈ ದಿನ ಯಾವ ಗಳಿಗೆಯಲ್ಲಿ ಮಗು ಯಾರ ನೋಟದಲ್ಲಿಯೂ ಇರಲಿಲ್ಲ ಎಂಬುದನ್ನೂ ಇಬ್ಬರೂ ಒಟ್ಟಿಗೆ ಕೇಳಿಕೊಳ್ಳಬೇಕು. ಯಾರ ತಪ್ಪು ಎಂಬ ಪ್ರಶ್ನೆಯನ್ನು ಆಗ ಬಿಟ್ಟುಬಿಡಲಿ. ನಾಳೆ ಆ ಗಳಿಗೆಯನ್ನು ಯಾರು ತುಂಬುವರು ಎಂಬುದೊಂದನ್ನೇ ನಿಶ್ಚಯಿಸಿ ಮಲಗಲಿ.