ದೀಪ ಎಷ್ಟು ದೂರದಲ್ಲಿದೆ?

ನವೆಂಬರ್ ಬಂತೆಂದರೆ ಉತ್ತರದ ದೇಶಗಳಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ಮಾತು ಕಡಿಮೆ ಮಾಡುತ್ತಾರೆ. ಏನು ಕೇಳಿದರೂ ಹ್ಞೂಂ, ಊಹೂಂ. ಇಲ್ಲಿ ಕೂತ ನಾವು ಕಾರಣ ಹುಡುಕುತ್ತೇವೆ. ಕೆಲಸಕ್ಕೆ ಕುತ್ತು ಬಂದಿರಬೇಕು, ಗಂಡ ಹೆಂಡಿರ ನಡುವೆ ಏನೋ ಸರಿಯಿಲ್ಲ, ಊರಿನ ನೆನಪು ಕಾಡುತ್ತಿದೆ. ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುವುದೂ ಕಾರಣ ಆಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯುವುದಾದರೂ ಹೇಗೆ? ಡಿಸೆಂಬರ್ 21ರಂದು ಹಾಸನದಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲಿರುತ್ತಾನೆ. ಅದೇ ದಿನ ಸ್ಟಾಕ್‌ಹೋಮ್‌ನಲ್ಲಿ ಬರೀ 7 ಡಿಗ್ರಿ. ಎದುರಿಗೊಂದು ನಾಲ್ಕಂತಸ್ತಿನ ಕಟ್ಟಡವಿದ್ದರೆ ಆಯಿತು, ಅವತ್ತು ಸೂರ್ಯದರ್ಶನವೇ ಇಲ್ಲ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತಳಾದವಳು. ಮಗಳು ಸ್ಟಾಕ್‌ಹೋಮ್‌ನಲ್ಲಿದ್ದಾಳೆ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಒಂದು ಚಳಿಗಾಲ ಪೂರ್ತಿ ಅಲ್ಲಿದ್ದೆ. ವೈದ್ಯರ ಸಲಹೆಯಂತೆ ಅವಳು ದಿನಾ ಬೆಳಿಗ್ಗೆ ಅರ್ಧ ಗಂಟೆ ಒಂದು ಬಿಳಿ ದೀಪದ ಮುಂದೆ ಕೂರುತ್ತಾಳೆ. ಈ ಸಂಗತಿಯನ್ನು ಹೇಳಿದಾಗ ನಮ್ಮ ಬಂಧುವೊಬ್ಬರು, "ಏನಕ್ಕಾ, ಲೈಟ್ ಹಾಕ್ಕೊಂಡು ಕೂತ್ರೆ ಬೇಜಾರು ಹೋಗುತ್ತಾ? ನಾಕು ಗಂಟೆಗೆ ಎದ್ದು ಕೆಲಸ ಮಾಡೋಕೆ ಹೇಳಿ" ಎಂದರು. ಈ ಲೇಖನ ಬರೆಯುವುದಕ್ಕೆ ಆ ಮಾತೇ ಕಾರಣ.

ಖಿನ್ನತೆ ಎಂದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಚಳಿಗಾಲದ ಖಿನ್ನತೆ ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಎಷ್ಟು ಮಲಗಿದರೂ ಸಾಲದು. ಅನ್ನ, ಬ್ರೆಡ್ಡು, ಸಿಹಿ ಎಷ್ಟು ತಿಂದರೂ ಬೇಕು. ಮೈ ತೂಕ ಏರುತ್ತದೆ, ಕೈಕಾಲು ಭಾರ, ಯಾರ ಮುಖವೂ ಬೇಡ. ನೋಡುವವರ ಕಣ್ಣಿಗೆ ಇದು ಶುದ್ಧ ಸೋಮಾರಿತನ. ಏಪ್ರಿಲ್ ಹೊತ್ತಿಗೆ ತಾನಾಗಿ ಸರಿಹೋಗುವುದರಿಂದ ಆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ವೈದ್ಯಲೋಕ ಇದಕ್ಕೆ ಹೆಸರಿಟ್ಟದ್ದೇ 1984ರಲ್ಲಿ. ಜೊಹಾನ್ಸ್‌ಬರ್ಗ್‌ನ ಬಿಸಿಲಿನಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಅಲ್ಲಿನ ಚಳಿಗಾಲದಲ್ಲಿ ತಾವೇ ಕುಗ್ಗಿಹೋಗುತ್ತಿದ್ದುದನ್ನು ಗಮನಿಸಿದ್ದರು. ಮೆಲಟೋನಿನ್ ನಮ್ಮ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನು. ಪ್ರಖರ ಬೆಳಕು ಮನುಷ್ಯರಲ್ಲೂ ಅದನ್ನು ತಡೆಯುತ್ತದೆಂದು ಆಲ್ಫ್ರೆಡ್ ಲ್ಯೂಯಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದ್ದರು. ಮನೆಯ ಸಾಮಾನ್ಯ ಬಲ್ಬಿನ ಬೆಳಕು ಅದಕ್ಕೆ ಸಾಲುತ್ತಿರಲಿಲ್ಲ. ಈ ಎಳೆ ಹಿಡಿದು ರೋಸೆಂಥಾಲ್ ತಂಡ ರೋಗಿಗಳನ್ನು ಪ್ರಖರ ಬೆಳಕಿನ ಮುಂದೆ ಕೂರಿಸಿ ನೋಡಿತು. ಕಣ್ಣಿನ ಪರದೆಯಲ್ಲಿ ನೋಟಕ್ಕಲ್ಲದೆ, ಮುಖ್ಯವಾಗಿ ದೇಹದ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಬೇರೆಯೇ ಕೋಶಗಳಿವೆ ಎಂಬುದು ಆಮೇಲೆ ಗೊತ್ತಾಯಿತು. ದೃಷ್ಟಿಯೇ ಇಲ್ಲದ ಕೆಲವರಲ್ಲೂ ಅವು ಕೆಲಸ ಮಾಡುತ್ತವೆ! ಕಾಲೇಜಿನಲ್ಲಿ ನನ್ನ ಪಕ್ಕದ ಕ್ಲಾಸಿನಲ್ಲಿ ಬಯಾಲಜಿ ಪಾಠ ಮಾಡುತ್ತಿದ್ದವರ ಮೇಲೆ ನನಗೆ ಹೊಟ್ಟೆಕಿಚ್ಚು ಬಂದದ್ದು ಇದನ್ನು ಓದಿದಾಗಲೇ.

ಇನ್ನು ದೀಪದ ವಿಷಯ. ಸ್ಲೇಟಿನ ಗಾತ್ರದ ಬಿಳಿ ಫಲಕ, ಹಿಂದೆ ಒಂದು ಕಾಲು, ಒಂದು ಸ್ವಿಚ್ಚು, ಅಷ್ಟೇ. ಮಗಳು ಏಳು ಗಂಟೆಗೆ ಅದನ್ನು ಹಾಕಿ, ಎಡಗಡೆಗೆ ಸ್ವಲ್ಪ ಓರೆಯಾಗಿಟ್ಟು, ಅವಲಕ್ಕಿ ತಿನ್ನುತ್ತಾ ಮೇಲ್ ನೋಡುತ್ತಿದ್ದಳು. ದೀಪವನ್ನು ನೆಟ್ಟ ನೋಟದಿಂದ ನೋಡಬಾರದು, ಕಣ್ಣು ಮಾತ್ರ ತೆರೆದಿರಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 10,000 ಲಕ್ಸ್ ಎಂದಿತ್ತು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ವೈದ್ಯರು ಸಾಮಾನ್ಯವಾಗಿ ಹೇಳುವ ಪ್ರಮಾಣವೂ ಅದೇ, 10,000 ಲಕ್ಸ್, ಮೂವತ್ತು ನಿಮಿಷ. ಆದರೆ ಎಷ್ಟು ದೂರದಲ್ಲಿ? ಕನ್ನಡಕ ಹಾಕಿಕೊಂಡು ಡಬ್ಬದ ತಳ ಓದಿದರೆ, ಮೂಗು ತಾಗುವಷ್ಟು ಹತ್ತಿರ! ಮೊಬೈಲಿನ ಲೈಟ್ ಮೀಟರ್ ಹಿಡಿದು ನೋಡಿದೆ. ಅದೇನೂ ನಿಖರ ಯಂತ್ರವಲ್ಲ, ಹೋಲಿಸಿ ನೋಡುವುದಕ್ಕೆ ಸಾಕು. ಅವಳು ಕೂರುತ್ತಿದ್ದ ಮಾರುದ್ದದ ದೂರದಲ್ಲಿ ಡಬ್ಬದ ಮೇಲಿನ ಸಂಖ್ಯೆಯ ಚಿಕ್ಕದೊಂದು ಪಾಲೂ ಇರಲಿಲ್ಲ. ದೂರ ಹೆಚ್ಚಿದಂತೆ ಬೆಳಕು ಹೇಗೆ ಕುಸಿಯುತ್ತದೆಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ! 2,500 ಲಕ್ಸ್‌ ಆದರೆ ಅರ್ಧ ಗಂಟೆ ಸಾಲದು, ಸುಮಾರು ಎರಡು ಗಂಟೆ ಬೇಕು. ಆಫೀಸಿಗೆ ಓಡುವ ತಾಯಿಗೆ ಎರಡು ಗಂಟೆ ಎಲ್ಲಿಂದ ಬರಬೇಕು? ಮಾತ್ರೆಯ ಹಾಳೆಯ ಮೇಲೆ ಇಷ್ಟು ಮಿಲಿಗ್ರಾಂ ಎಂದು ಇರುವ ಹಾಗೆ, ಇಷ್ಟು ಲಕ್ಸ್ ಇಷ್ಟು ಸೆಂಟಿಮೀಟರಿಗೆ ಎಂದು ಡಬ್ಬದ ಮುಂಭಾಗದಲ್ಲೇ ಅಚ್ಚಾಗಬೇಕು. ಅದಿಲ್ಲದೆ ಮಾರುವುದು ಮೋಸ. ಮಗಳು ಇನ್ನೂ ದೊಡ್ಡ ಫಲಕದ, ಕೈಯಳತೆಯ ದೂರದಲ್ಲೂ ಸಾಕಷ್ಟು ಬೆಳಕು ಕೊಡುವ ದೀಪ ತರಿಸಿದಳು.

ಇದು ನಿಜಕ್ಕೂ ಗುಣ ಕೊಡುತ್ತದೆಯೇ ಎಂದು ಕೇಳುವವರ ಅನುಮಾನದಲ್ಲಿ ತಪ್ಪೇನಿಲ್ಲ. ಮಾತ್ರೆಯ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆ ಕೊಟ್ಟು ರೋಗಿಗೆ ಗೊತ್ತಾಗದಂತೆ ಮಾಡಬಹುದು. ಕಣ್ಣೆದುರು ಉರಿಯುವ ದೀಪವನ್ನು ಬಚ್ಚಿಡುವುದು ಹೇಗೆ? ಸಂಶೋಧಕರು ಮಂದ ಕೆಂಪು ದೀಪ ಇಟ್ಟು ಹೋಲಿಸಿದ್ದಾರೆ, ಗಾಳಿಗೆ ಅಯಾನು ಬಿಡುತ್ತದೆಂದು ಹೇಳಿ, ಒಳಗೆ ಏನೂ ಕೆಲಸ ಮಾಡದ ಯಂತ್ರ ಇಟ್ಟೂ ಹೋಲಿಸಿದ್ದಾರೆ. ಸ್ವೀಡನ್ನಿನ ಆಸ್ಪತ್ರೆಗಳಲ್ಲಿ ಹಿಂದೆ ಬೆಳಕಿನ ಕೋಣೆಗಳಿದ್ದವು. ಬಿಳಿ ಗೋಡೆ, ಬಿಳಿ ಪೀಠೋಪಕರಣ, ಒಳಗೆ ಹೋಗುವವರಿಗೂ ಬಿಳಿ ನಿಲುವಂಗಿ. ಅದರ ಉಪಯೋಗಕ್ಕೆ ಪುರಾವೆ ಸಾಲದು ಎಂದು ಆ ದೇಶದ್ದೇ ಪರಿಶೀಲನಾ ಸಂಸ್ಥೆ 2007ರಲ್ಲಿ ಹೇಳಿತು. ಕೆನಡಾದಲ್ಲಿ 96 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಾದರೋ ದೀಪಕ್ಕೂ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಮಾತ್ರೆಗೂ ಫಲ ಸಮಸಮ. ಎರಡು ಗುಂಪಿನಲ್ಲೂ ನೂರಕ್ಕೆ 67 ಮಂದಿ ಚೇತರಿಕೆ ಕಂಡರು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅಮೆರಿಕದ ವರ್ಮಾಂಟ್‌ನ ಅಧ್ಯಯನ. ಆರು ವಾರ ಕೆಲವರಿಗೆ ದೀಪ, ಕೆಲವರಿಗೆ ಆಲೋಚನೆ ಮತ್ತು ದಿನಚರಿಯನ್ನು ತಿದ್ದುವ ಮಾತಿನ ಚಿಕಿತ್ಸೆ. ಆ ವರ್ಷ ಇಬ್ಬರಿಗೂ ಒಂದೇ ಥರ ಗುಣ ಕಂಡಿತು. ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ ದೀಪದ ಗುಂಪಿನಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಖಿನ್ನತೆ ಮರುಕಳಿಸಿತ್ತು, ಮಾತಿನ ಚಿಕಿತ್ಸೆಯವರಲ್ಲಿ 27 ಮಂದಿಗೆ. ದೀಪ ಈ ವರ್ಷದ ಕತ್ತಲೆಗೆ ಮದ್ದು, ಬರುವ ವರ್ಷ ಮತ್ತೆ ಹಚ್ಚಬೇಕು. ಹಾಗೆಂದೇ ದೀಪ ಕೊಂಡುಕೊಂಡವರು ಆಪ್ತಸಲಹೆಯನ್ನು ಬಿಡಬಾರದೆನ್ನುವುದು ನನ್ನ ಖಚಿತ ಅಭಿಪ್ರಾಯ.

ಮದ್ದೆಂದ ಮೇಲೆ ಅಡ್ಡ ಪರಿಣಾಮವೂ ಇದ್ದದ್ದೇ. ತಲೆನೋವು, ಕಣ್ಣು ಉರಿ ಸಾಮಾನ್ಯ. ಸಂಜೆ ಹಚ್ಚಿಕೊಂಡು ಕೂತರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಬೈಪೋಲಾರ್ ಕಾಯಿಲೆ ಇರುವವರಲ್ಲಿ ಉನ್ಮಾದ ಕೆರಳಬಹುದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಹಾಳಾದವರು, ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಬದುಕೇ ಬೇಡ ಎನ್ನುವ ಯೋಚನೆ ಬಂದವರಿಗಂತೂ ಬರೀ ದೀಪ ಕೊಟ್ಟು ಕೂರಿಸುವಂತಿಲ್ಲ.

ಈಗ ಆನ್‌ಲೈನ್‌ನಲ್ಲಿ ಈ ದೀಪಗಳು ನಮ್ಮೂರಿಗೂ ಬರುತ್ತಿವೆ. ದಯವಿಟ್ಟು ದುಡ್ಡು ಹಾಳುಮಾಡಬೇಡಿ. ಬೆಂಗಳೂರಿನ ಡಿಸೆಂಬರಿನಲ್ಲೂ ಹಗಲು ಹನ್ನೊಂದು ಗಂಟೆ ದಾಟುತ್ತದೆ. ಮೋಡ ಕವಿದ ಬೆಳಿಗ್ಗೆಯೂ ಟೆರೇಸಿನ ಮೇಲೆ ಸಾವಿರಗಟ್ಟಲೆ ಲಕ್ಸ್ ಪುಕ್ಕಟೆ ಸಿಗುತ್ತದೆ. ಆಫೀಸಿನ ಒಳಗೆ ಇರುವುದು ಮುನ್ನೂರೋ ಐನೂರೋ. ಇಲ್ಲಿದ್ದೂ ಮನಸ್ಸು ಕುಗ್ಗಿದ್ದರೆ ಕಾರಣ ಬೇರೆಯೇ ಇರಬಹುದು. ಅದಕ್ಕೆ ವೈದ್ಯರಿದ್ದಾರೆ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳು ಅಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಾವು ಹೋಗುವುದು ಬಹುಪಾಲು ಮೇ, ಜೂನ್‌ನಲ್ಲಿ. ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ, ಮಗಳು ಸೈಕಲ್ ತುಳಿಯುತ್ತಾ ನಗುತ್ತಿರುತ್ತಾಳೆ. ಅದನ್ನು ನೋಡಿ ಬಂದವರು ಜನವರಿಯ ದುಃಖವನ್ನು ನಂಬುವುದಿಲ್ಲ. ಒಮ್ಮೆ ನವೆಂಬರಿನಲ್ಲಿ ಹೋಗಿ ಬನ್ನಿ, ಹಿಮವೂ ಬಿದ್ದಿರುವುದಿಲ್ಲ, ನೆಲವೂ ಕಪ್ಪು, ಆಕಾಶವೂ ಕಪ್ಪು. ಹೋಗಲಾಗದವರು ಫೋನಿನ ಹೊತ್ತನ್ನಾದರೂ ಬದಲಿಸಿ. ನಾವು ರಾತ್ರಿ ಎಂಟಕ್ಕೆ ಮಾಡಿದರೆ ಸ್ಟಾಕ್‌ಹೋಮ್‌ನಲ್ಲಿ ಮೂರೂವರೆ, ಆಗಷ್ಟೇ ಕತ್ತಲಾಗಿರುತ್ತದೆ, ಆಫೀಸಿನ ಗಡಿಬಿಡಿ ಬೇರೆ. ಇಲ್ಲಿ ಹನ್ನೊಂದೂವರೆಗೆ ಮಾಡಿ. ಅಲ್ಲಿ ಬೆಳಿಗ್ಗೆ ಏಳು, ದೀಪದ ಮುಂದೆ ಕೂತವರು ಅರ್ಧ ಗಂಟೆ ಎಲ್ಲಿಗೂ ಏಳುವಂತಿಲ್ಲ.